ಪ್ಲಾನ್ ಬಂತು, ಕೂತು ಮಾತಾಡೋ ಕಟ್ಟೆ ಎಲ್ಲಿ?

2022ರ ಸೆಪ್ಟೆಂಬರ್ ಮೊದಲ ವಾರ ನೆನಪಿದೆಯಾ? ಬೆಂಗಳೂರಿನ ಹೊರ ವರ್ತುಲ ರಸ್ತೆಯ ಆಸುಪಾಸು ಕಾರುಗಳು ಮುಳುಗಿದ್ದವು. ಐಟಿ ಕಂಪನಿಯವರು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದರು. ಒಂದೂವರೆ ವರ್ಷ ಕಳೆಯಿತು, 2024ರ ಮಾರ್ಚ್‌ನಲ್ಲಿ ಅದೇ ಊರಲ್ಲಿ ನೀರಿನ ಟ್ಯಾಂಕರ್‌ಗೆ ಪರದಾಟ. ಸುಮಾರು 14,000 ಸರ್ಕಾರಿ ಕೊಳವೆಬಾವಿಗಳಲ್ಲಿ 6,900 ಬತ್ತಿವೆ ಎಂದು ಮುಖ್ಯಮಂತ್ರಿಯೇ ಹೇಳಿದರು.

ಈ ನೆರೆ, ಈ ಬರ, ಇವೆರಡರ ನಡುವೆ, 2023ರ ನವೆಂಬರ್ 27ರಂದು, ಬೆಂಗಳೂರಿನ ಆಗಿನ ಮಹಾನಗರ ಪಾಲಿಕೆ ಬಿಬಿಎಂಪಿ ತನ್ನ ಹವಾಮಾನ ಕ್ರಿಯಾ ಯೋಜನೆ ಬಿಡುಗಡೆ ಮಾಡಿತು. 2050ರ ಹೊತ್ತಿಗೆ ನೆಟ್ ಝೀರೋ ಆಗಬೇಕು, ಅಂದರೆ ಗಾಳಿಗೆ ಬಿಟ್ಟಷ್ಟು ಇಂಗಾಲ ವಾಪಸ್ ಹೀರಿಕೆಯೂ ಆಗಬೇಕು ಅನ್ನೋದು ಗುರಿ. ಕಟ್ಟಡ, ಸಾರಿಗೆ, ಕಸ, ನೀರು, ಗಾಳಿ ಎಲ್ಲವೂ ಅದರಲ್ಲಿವೆ. ಮುಂಬೈ 2022ರಲ್ಲೇ ಇಂಥದ್ದನ್ನು ಮಾಡಿತ್ತು. ಪ್ಲಾನ್ ಆದ ಮೇಲೆ ಬಿಬಿಎಂಪಿಯೊಳಗೆ ಒಂದು ಕ್ಲೈಮೇಟ್ ಸೆಲ್ ಬಂತು, ಯುವಕರಿಗೆ ಫೆಲೋಶಿಪ್ ಬಂತು. ಪ್ಲಾನ್ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ಅದು ಬಂದ ದಿನ ಪಾಲಿಕೆಯಲ್ಲಿ ಒಬ್ಬ ಕಾರ್ಪೊರೇಟರೂ ಇರಲಿಲ್ಲ, ಅಷ್ಟೇ. ಕೊನೆಯ ಚುನಾವಣೆ ನಡೆದದ್ದು 2015ರ ಆಗಸ್ಟ್‌ನಲ್ಲಿ. 2020ರ ಸೆಪ್ಟೆಂಬರ್‌ಗೆ ಅವರ ಅವಧಿ ಮುಗಿದಿತ್ತು.

ಹಾಗಾದರೆ ಜನರ ಸಲಹೆ ಕೇಳೋಕೆ ಹೊಸದೊಂದು ಸಮಿತಿ ಬೇಕಾ? ಬೇಡ. ಕಾನೂನಿನಲ್ಲಿ ಅದು ಆಗಲೇ ಇತ್ತು. ಸಂವಿಧಾನದ 1992ರ 74ನೇ ತಿದ್ದುಪಡಿ ವಾರ್ಡ್ ಸಮಿತಿಗಳ ಮಾತು ಆಡಿತು. ಕರ್ನಾಟಕದ ನಿಯಮ ಬಂದದ್ದು 2016ರಲ್ಲಿ: ಕಾರ್ಪೊರೇಟರ್ ಅಧ್ಯಕ್ಷ, ಹತ್ತು ಸದಸ್ಯರು, ಅವರಲ್ಲಿ ಕನಿಷ್ಠ ಮೂವರು ಮಹಿಳೆಯರು, ಇಬ್ಬರು ಪರಿಶಿಷ್ಟ ಜಾತಿ–ಪಂಗಡದವರು, ಇಬ್ಬರು ನಿವಾಸಿ ಸಂಘಗಳವರು. ಹೈಕೋರ್ಟ್ ಪದೇ ಪದೇ ಕೇಳಿದ ಮೇಲೆ 2018ರ ಕೊನೆಗೆ ಹಲವು ಕಡೆ ಸಭೆ ಶುರುವಾದವು. ಕೌನ್ಸಿಲ್ ಹೋದ ಮೇಲೆ ಅಧಿಕಾರಿಗಳೇ ಬಂದು ಕೂತರು. ಬಂದರೆ ಸಭೆ, ಬರದಿದ್ದರೆ ಇಲ್ಲ.

ಇದು ಹವಾಮಾನಕ್ಕೆ ಹೇಗೆ ಸಂಬಂಧ ಅಂತೀರಾ? ನಿಮ್ಮ ಬಡಾವಣೆ ಪಕ್ಕದ ರಾಜಕಾಲುವೆ ನೋಡಿ. ಮಳೆಗಾಲಕ್ಕೆ ಮುಂಚೆ ಜೆಸಿಬಿ ಬಂದು ಹೂಳೆತ್ತುತ್ತದೆ, ಅದನ್ನು ಅಲ್ಲೇ ದಂಡೆಯ ಮೇಲೆ ಗುಡ್ಡೆ ಹಾಕುತ್ತದೆ. ಲಾರಿ ಬರೋದು ತಡವಾಗುತ್ತದೆ. ಮೊದಲ ಜೋರು ಮಳೆಗೆ ಅರ್ಧ ಹೂಳು ವಾಪಸ್ ಕಾಲುವೆಗೆ. ಬಿಲ್ ಆಗಿರುತ್ತದೆ, ನೀರು ಮನೆಯೊಳಗೆ. ಪ್ಲಾನ್ ಬರೆಯುವವರಿಗೆ ಈ ಗುಡ್ಡೆ ಕಾಣಿಸುವುದಿಲ್ಲ. ಎದುರು ಮನೆಯವರಿಗೆ ದಿನಾ ಕಾಣಿಸುತ್ತದೆ.

ವಾರ್ಡ್ ಒಂದೇ ಸಾಲದು ಅನ್ನೋದೂ ನಿಜ. ಬೆಂಗಳೂರು ದಿಬ್ಬದ ಮೇಲಿರುವ ಊರು. ನೀರು ಹೆಬ್ಬಾಳ, ವೃಷಭಾವತಿ, ಕೋರಮಂಗಲ–ಚಲ್ಲಘಟ್ಟ ಕಣಿವೆಗಳಲ್ಲಿ ಇಳಿಯುತ್ತದೆ. ಮೆಜೆಸ್ಟಿಕ್ ಕಡೆ ಬಿದ್ದ ಮಳೆ ಶಾಂತಿನಗರ, ಕೋರಮಂಗಲ ದಾಟಿ ಬೆಳ್ಳಂದೂರು ಕೆರೆ ಸೇರುತ್ತದೆ, ಅಲ್ಲಿಂದ ವರ್ತೂರು. ಮೇಲಿನವರು ಅಂಗಳಕ್ಕೆಲ್ಲ ಕಾಂಕ್ರೀಟ್ ಹಾಕಿದರೆ ಕೆಳಗಿನವರ ಬೆಡ್‌ರೂಮಿಗೆ ನೀರು. ಹಿಂದೆ ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನ ಕೆರೆಗೆ ನೀರು ಬರುತ್ತಿತ್ತು. ತೂಬು ಎತ್ತಿ ಯಾರ ಗದ್ದೆಗೆ ಎಷ್ಟು ನೀರು ಅಂತ ನೋಡಿಕೊಳ್ಳೋಕೆ ಊರಿಗೊಬ್ಬ ನೀರುಗಂಟಿ ಇದ್ದ. ಆ ಏರ್ಪಾಟಿನಲ್ಲಿ ಜಾತಿ–ಗೀತಿ ಎಲ್ಲ ಇತ್ತು, ಸುಮ್ನೆ ಹೊಗಳೋದು ಬೇಡ. ಆದರೆ ಬೈಯೋಕೆ ಒಬ್ಬ ಮನುಷ್ಯನಂತೂ ಇದ್ದ.

2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯೇ ಹೋಯಿತು. ಐದು ಪಾಲಿಕೆಗಳು ಬಂದವು, ಅವುಗಳ ಮೇಲೆ ಮುಖ್ಯಮಂತ್ರಿ ಅಧ್ಯಕ್ಷತೆಯ ಗ್ರೇಟರ್ ಬೆಂಗಳೂರು ಪ್ರಾಧಿಕಾರ. ನಕ್ಷೆಯ ಗೆರೆ ಎಲ್ಲೇ ಎಳೆಯಲಿ, ರಾಜಕಾಲುವೆ ಅದನ್ನು ದಾಟಿಯೇ ಹರಿಯುತ್ತದೆ. ಹಾಗಾಗಿ ಹವಾಮಾನ ಸಲಹಾ ಸಮಿತಿ ಅಂತ ಯಾರಾದರೂ ಮಾಡಿದರೆ, ಅದು ಕಣಿವೆಗೊಂದು ಇರಲಿ, ಮೇಲಿನ ವಾರ್ಡಿನವರೂ ಕೆಳಗಿನ ವಾರ್ಡಿನವರೂ ಅದರಲ್ಲಿರಲಿ ಅನ್ನೋದು ನನ್ನ ಆಸೆ.

ಅದರ ಮೊದಲ ಸಾರ್ವಜನಿಕ ಸಭೆಯನ್ನು ದಯವಿಟ್ಟು ಹೋಟೆಲ್ ಹಾಲ್‌ನಲ್ಲಿ ಇಂಗ್ಲಿಷ್ ಸ್ಲೈಡ್ ಹಾಕಿ ಮಾಡಬೇಡಿ. ಅಂಥ ಸಭೆಗಳಲ್ಲಿ ನಾನು ಕೂತು ಬಂದಿದ್ದೇನೆ. ಕಾಫಿ ಚೆನ್ನಾಗಿರುತ್ತದೆ, ಪೌರಕಾರ್ಮಿಕರು ಒಬ್ಬರೂ ಇರುವುದಿಲ್ಲ. ಮೇ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಏಳಕ್ಕೆ, ಕಾಲುವೆ ದಂಡೆಯಲ್ಲಿ, ಆ ಹೂಳಿನ ಗುಡ್ಡೆ ಪಕ್ಕದಲ್ಲೇ ಸೇರೋಣ. ಎಂಜಿನಿಯರ್ ಕೂಡ ಬರಲಿ.