ಬಸವನಹುಳುವಿಗಿಂತ ನಿಧಾನ, ಆದರೂ ಐನ್‌ಸ್ಟೈನ್ ಬೇಕು

ಒಂದು ಚದರ ಮಿಲಿಮೀಟರ್ ಅಡ್ಡಕೊಯ್ತದ ತಾಮ್ರದ ತಂತಿಯಲ್ಲಿ ಒಂದು ಆಂಪಿಯರ್ ಕರೆಂಟ್ ಹರಿಯುತ್ತಿದೆ ಎನ್ನಿ. ಒಳಗಿನ ಎಲೆಕ್ಟ್ರಾನ್‌ಗಳು ಒಟ್ಟಾಗಿ ಮುಂದೆ ಸರಿಯುವ ವೇಗ ಸೆಕೆಂಡಿಗೆ ಸುಮಾರು 0.07 ಮಿಲಿಮೀಟರ್. ಅಂದರೆ ಗಂಟೆಗೆ ಒಂದು ಗೇಣು ಚಿಲ್ಲರೆ. ಬಸವನಹುಳು ಇದಕ್ಕಿಂತ ಜೋರಾಗಿ ನಡೆಯುತ್ತದೆ. ಸ್ವಿಚ್ ಒತ್ತಿದ ಕೂಡಲೇ ದೀಪ ಹತ್ತುವುದರ ಕಾರಣ ಬೇರೆ, ಅದು ಇಲ್ಲಿ ಬೇಡ. ನನ್ನನ್ನು ವರ್ಷಗಟ್ಟಲೆ ಹಿಡಿದಿಟ್ಟಿರುವುದು ಇನ್ನೊಂದು ಸಂಗತಿ: ಬೆಳಕಿನ ವೇಗದ ಹತ್ತಿರಕ್ಕೆ ಹೋದರೆ ಮಾತ್ರ ಕಾಣುತ್ತದೆ ಎಂದು ನಾವು ನಂಬಿರುವ ಸಾಪೇಕ್ಷತೆ (ನೋಡುವವರ ಓಟಕ್ಕೆ ತಕ್ಕಂತೆ ಉದ್ದ, ಕಾಲಗಳ ಅಳತೆ ಬದಲಾಗುತ್ತದೆ ಎಂಬ ಐನ್‌ಸ್ಟೈನ್ ಸಿದ್ಧಾಂತ), ಈ ತೆವಳಾಟದಲ್ಲೇ ಕಣ್ಣಿಗೆ ಬೀಳುತ್ತದೆ.

ನೋಡಲು ಹೆಚ್ಚೇನೂ ಬೇಡ. ದಿಕ್ಸೂಚಿಯ ಮೇಲೆ ಉತ್ತರ-ದಕ್ಷಿಣವಾಗಿ ಒಂದು ತಂತಿ ಹಿಡಿದು, ಅದರ ತುದಿಗಳನ್ನು ಪೆನ್ ಸೆಲ್‌ಗೆ ಎರಡೇ ಸೆಕೆಂಡು ಮುಟ್ಟಿಸಿ. ಹೆಚ್ಚು ಹೊತ್ತು ಹಿಡಿದರೆ ತಂತಿ ಬಿಸಿಯಾಗಿ ಬೆರಳು ಚುರುಗುಟ್ಟುತ್ತದೆ. ಮುಳ್ಳು ಬೆಚ್ಚಿಬಿದ್ದಂತೆ ಪಕ್ಕಕ್ಕೆ ತಿರುಗುತ್ತದೆ, ತಂತಿ ಬಿಟ್ಟೊಡನೆ ತೂಗಾಡುತ್ತಾ ವಾಪಸು ಬರುತ್ತದೆ. ಸೆಲ್ ತಿರುವಿ ಹಿಡಿದರೆ ಮುಳ್ಳು ಇನ್ನೊಂದು ಪಕ್ಕಕ್ಕೆ.

1820ರಲ್ಲಿ ಕೋಪನ್‌ಹೇಗನ್‌ನಲ್ಲಿ ಹಾನ್ಸ್ ಕ್ರಿಶ್ಚಿಯನ್ ಅರ್ಸ್ಟೆಡ್ ಕಂಡದ್ದು ಇದನ್ನೇ. ಅದೇ ವರ್ಷ ಪ್ಯಾರಿಸ್‌ನಲ್ಲಿ ಆಂಪಿಯರ್ ಎಂಬ ವಿಜ್ಞಾನಿ, ಒಂದೇ ದಿಕ್ಕಿನಲ್ಲಿ ಕರೆಂಟ್ ಹರಿಯುವ ಎರಡು ಸಮಾನಾಂತರ ತಂತಿಗಳು ಒಂದನ್ನೊಂದು ಸೆಳೆಯುತ್ತವೆ ಎಂದು ತೋರಿಸಿದರು. ತಂತಿಯೇ ಬೇಕೆಂದೇನೂ ಇಲ್ಲ. 1876ರಲ್ಲಿ ಬರ್ಲಿನ್‌ನ ಹೆಲ್ಮ್‌ಹೋಲ್ಟ್ಸ್ ಅವರ ಪ್ರಯೋಗಾಲಯದಲ್ಲಿ ಅಮೆರಿಕದ ಹೆನ್ರಿ ರೋಲಂಡ್, ವಿದ್ಯುದಾವೇಶ ತುಂಬಿದ ಎಬೊನೈಟ್ ತಟ್ಟೆಯನ್ನು ಗರಗರ ತಿರುಗಿಸಿ ಕಾಂತಕ್ಷೇತ್ರ ಹುಟ್ಟಿಸಿದರು. ಆವೇಶ ಓಡಿದರೆ ಸಾಕು.

ಆದರೆ ಯಾರ ಲೆಕ್ಕದಲ್ಲಿ ಓಡುವುದು? ಮೈಸೂರಿನಿಂದ ಬೆಂಗಳೂರಿಗೆ ಹೊರಟ ರೈಲಿನಲ್ಲಿ ನೀವು ತಲೆ ಬಾಚಿದ ಪ್ಲಾಸ್ಟಿಕ್ ಬಾಚಣಿಗೆಯನ್ನು ಸೀಟಿನ ಮೇಲೆ ಇಟ್ಟಿದ್ದೀರಿ. ಅದರಲ್ಲಿ ಆವೇಶ ಇದೆ. ನಿಮಗೆ ಅದು ಸುಮ್ಮನೆ ಬಿದ್ದಿರುವ ವಸ್ತು, ಅದರ ಸುತ್ತ ಇರುವುದು ವಿದ್ಯುತ್ ಕ್ಷೇತ್ರ ಮಾತ್ರ. ಮದ್ದೂರಿನ ಪ್ಲಾಟ್‌ಫಾರ್ಮ್ ಮೇಲೆ ನಿಂತವರಿಗೆ ಅದೇ ಬಾಚಣಿಗೆ ಓಡುವ ಆವೇಶ. ಅವರ ಲೆಕ್ಕದಲ್ಲಿ ಅದರ ಸುತ್ತ ಕಾಂತಕ್ಷೇತ್ರವೂ ಇದೆ, ಭೂಮಿಯ ಕಾಂತಕ್ಷೇತ್ರಕ್ಕಿಂತ ಲಕ್ಷಾಂತರ ಪಟ್ಟು ದುರ್ಬಲ, ಆದರೆ ಇದೆ. ಇಬ್ಬರ ಮಾತೂ ಸರಿ. 1905ರಲ್ಲಿ ಐನ್‌ಸ್ಟೈನ್ ಸಾಪೇಕ್ಷತೆಯ ಪ್ರಬಂಧವನ್ನು ಶುರು ಮಾಡಿದ್ದು ಗಡಿಯಾರದಿಂದಲೂ ಅಲ್ಲ, ರಾಕೆಟ್‌ನಿಂದಲೂ ಅಲ್ಲ. ಇಂಥದೇ ಒಂದು ತೊಡಕಿನಿಂದ. ಅಯಸ್ಕಾಂತವನ್ನು ತಂತಿಯ ಹತ್ತಿರ ಸರಿಸಿದರೂ, ತಂತಿಯನ್ನು ಅಯಸ್ಕಾಂತದ ಹತ್ತಿರ ಸರಿಸಿದರೂ ಹುಟ್ಟುವ ಕರೆಂಟ್ ಒಂದೇ. ಹಾಗಿದ್ದರೆ ವಿವರಣೆ ಮಾತ್ರ ಎರಡು ಏಕೆ?

ಈಗ ತಂತಿಗೆ ಬನ್ನಿ. ಅದರ ಹೊರಗೆ, ಒಳಗಿನ ಎಲೆಕ್ಟ್ರಾನ್‌ಗಳಷ್ಟೇ ವೇಗದಲ್ಲಿ, ಅದೇ ದಿಕ್ಕಿಗೆ ಒಂಟಿ ಎಲೆಕ್ಟ್ರಾನ್ ಒಂದು ಸಾಗುತ್ತಿದೆ. ನಿಂತು ನೋಡುವ ನಮ್ಮ ಪ್ರಕಾರ ಕಾಂತಬಲ ಅದನ್ನು ತಂತಿಯತ್ತ ಎಳೆಯುತ್ತದೆ. ಆ ಎಲೆಕ್ಟ್ರಾನಿನ ಬೆನ್ನೇರಿ ಕೂತು ನೋಡಿ. ಈಗ ಅದು ನಿಂತೇ ಇದೆ. ನಿಂತ ಆವೇಶವನ್ನು ಕಾಂತಕ್ಷೇತ್ರ ಮುಟ್ಟುವುದಿಲ್ಲ. ಆದರೂ ತಂತಿಯತ್ತ ಸರಿಯುತ್ತದೆ. ಹಾಗಾದರೆ ಎಳೆಯುತ್ತಿರುವವರು ಯಾರು?

ಹೂವಾಡಗಿತ್ತಿಯ ಬುಟ್ಟಿಯಲ್ಲಿ ಎರಡು ಮಾಲೆ ಇವೆ ಅಂದುಕೊಳ್ಳಿ. ಮಲ್ಲಿಗೆ ಧನ ಆವೇಶ, ಅಂದರೆ ಎಲೆಕ್ಟ್ರಾನ್ ಬಿಟ್ಟುಕೊಟ್ಟು ನಿಂತಲ್ಲೇ ನಿಂತ ತಾಮ್ರದ ಪರಮಾಣುಗಳು (ಅಯಾನುಗಳು). ಕನಕಾಂಬರ ಋಣ, ಅಂದರೆ ಹರಿಯುವ ಎಲೆಕ್ಟ್ರಾನ್‌ಗಳು. ಮೊಳಕ್ಕೆ ನೂರು ಮಲ್ಲಿಗೆ, ನೂರು ಕನಕಾಂಬರ. ಲೆಕ್ಕ ಸಮ, ತಂತಿಯಲ್ಲಿ ನಿವ್ವಳ ಆವೇಶ ಸೊನ್ನೆ. ಇದು ನಿಂತವರ ಎಣಿಕೆ. ಸಾಪೇಕ್ಷತೆಯ ಪ್ರಕಾರ ಓಡುವ ವಸ್ತು ಓಟದ ದಿಕ್ಕಿನಲ್ಲಿ ಕುಗ್ಗುತ್ತದೆ, ಅದರ ನಡುವಿನ ಸಂದುಗಳೂ ಕುಗ್ಗುತ್ತವೆ. ಎಲೆಕ್ಟ್ರಾನಿನ ಬೆನ್ನ ಮೇಲೆ ಕೂತವರಿಗೆ ಕನಕಾಂಬರದ ಮಾಲೆ ನಿಂತಿದೆ, ಹಾಗಾಗಿ ಸಡಿಲವಾಗಿದೆ. ಮೊಳಕ್ಕೆ ಹೂವು ಕಮ್ಮಿ. ಮಲ್ಲಿಗೆ ಹಿಂದಕ್ಕೆ ಓಡುತ್ತಿದೆ, ಹಾಗಾಗಿ ಒತ್ತಾಗಿದೆ. ಮೊಳಕ್ಕೆ ಹೂವು ಜಾಸ್ತಿ. ಸಮ ಇದ್ದ ತಂತಿ ಅವರ ಕಣ್ಣಿಗೆ ಧನ ಆವೇಶದ ತಂತಿ. ಧನ ಋಣವನ್ನು ಸೆಳೆಯುತ್ತದೆ. ನಾವು ಕಾಂತಬಲ ಎಂದದ್ದು ಅಲ್ಲಿ ಅಪ್ಪಟ ವಿದ್ಯುತ್ ಬಲ.

ಒಂದು ಗೇಣಿನ ನಡಿಗೆಗೆ ಎಷ್ಟು ಕುಗ್ಗೀತು? 1ರ ಮುಂದೆ 25 ಸೊನ್ನೆ ಬರೆದರೆ ಬರುವ ಸಂಖ್ಯೆಯಲ್ಲಿ ಒಂದು ಪಾಲೂ ಇಲ್ಲ. ಅಷ್ಟು ಸಾಕಾಗುವುದು ತಂತಿಯೊಳಗಿನ ಆವೇಶದ ರಾಶಿಯಿಂದ. ಆ ತಂತಿಯ ಒಂದೇ ಮೀಟರಿನಲ್ಲಿ ಹರಿದಾಡುವ ಎಲೆಕ್ಟ್ರಾನ್‌ಗಳ ಆವೇಶ 13,000 ಕೂಲಂಬ್‌ಗೂ (ಆವೇಶ ಅಳೆಯುವ ಮಾನ) ಹೆಚ್ಚು. ಬರೀ ಒಂದೊಂದು ಕೂಲಂಬನ್ನು ಒಂದು ಮೀಟರ್ ದೂರದಲ್ಲಿಟ್ಟರೆ ಅವು ಸುಮಾರು ಒಂಬತ್ತು ಲಕ್ಷ ಟನ್ ಭಾರದಷ್ಟು ಬಲದಿಂದ ತಳ್ಳಾಡುತ್ತವೆ. ತಕ್ಕಡಿಯ ಎರಡೂ ತಟ್ಟೆಯಲ್ಲಿ ಬೆಟ್ಟಗಳೇ ಕೂತಿವೆ, ಸಮತೂಕದಲ್ಲಿರುವುದರಿಂದ ನಮಗೆ ಗೊತ್ತೇ ಆಗುವುದಿಲ್ಲ. ಒಂದು ಸಾಸಿವೆಯಷ್ಟು ಏರುಪೇರಾದರೂ ಮುಳ್ಳು ಅಲ್ಲಾಡುತ್ತದೆ. ಫ್ಯಾನು, ಮಿಕ್ಸಿ, ಬೋರ್‌ವೆಲ್ಲಿನ ಮೋಟರು ಎಲ್ಲ ತಿರುಗುವುದು ಇಂಥ ಸಾಸಿವೆಯಿಂದ.

ಇಷ್ಟು ಚೆಂದದ ಸತ್ಯ ಕೈಯಳತೆಯಲ್ಲಿರುವಾಗ ಜನ ಅಯಸ್ಕಾಂತದ ಬಳೆ ತೊಟ್ಟು ಮಂಡಿನೋವು ವಾಸಿಯಾಗಲೆಂದು ಕಾಯುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಉತ್ತರಕ್ಕೆ ತಲೆ ಹಾಕಿದರೆ ರಕ್ತದ ಕಬ್ಬಿಣವನ್ನು ಭೂಮಿ ಎಳೆಯುತ್ತದೆ ಎಂಬ ಮಾತಂತೂ ವಿಜ್ಞಾನದ ವೇಷದಲ್ಲೇ ಮನೆಮನೆಗೆ ಬರುತ್ತಿದೆ. ಹಿಮೋಗ್ಲೋಬಿನ್‌ನಲ್ಲಿ ಬೆಸೆದುಕೊಂಡ ಕಬ್ಬಿಣ, ಕಬ್ಬಿಣದ ಪುಡಿಯಂತೆ ವರ್ತಿಸುವುದಿಲ್ಲ. ನಮ್ಮ ಕಡೆ ಭೂಮಿಯ ಕಾಂತಕ್ಷೇತ್ರ ಸುಮಾರು 40 ಮೈಕ್ರೋಟೆಸ್ಲಾ (ಟೆಸ್ಲಾ ಕಾಂತಕ್ಷೇತ್ರದ ಮಾನ, ಮೈಕ್ರೋ ಅಂದರೆ ಅದರ ಹತ್ತು ಲಕ್ಷದಲ್ಲಿ ಒಂದು ಪಾಲು). ಎಂಆರ್‌ಐ ಯಂತ್ರದ್ದು ಸಾಮಾನ್ಯವಾಗಿ 1.5 ಟೆಸ್ಲಾ, ಮೂವತ್ತೈದು ಸಾವಿರ ಪಟ್ಟಿಗೂ ಹೆಚ್ಚು. ಅದರೊಳಗೆ ಅರ್ಧ ಗಂಟೆ ಮಲಗಿದವರ ರಕ್ತ ಎಲ್ಲಿಗೂ ಎಳೆದುಕೊಂಡು ಹೋಗುವುದಿಲ್ಲ.

ವಿಜ್ಞಾನ ಓದಿದವರಲ್ಲೂ ಒಂದು ತಪ್ಪು ಇದೆ. ಕಾಂತತ್ವ ಬರೀ ಭ್ರಮೆ, ಸರಿಯಾದ ವೇಗದಲ್ಲಿ ಓಡಿದರೆ ಮಾಯವಾಗುತ್ತದೆ ಎನ್ನುತ್ತಾರೆ. ಬಾಚಣಿಗೆಯ ವಿಷಯದಲ್ಲಿ ನಿಜ, ತಂತಿಯ ವಿಷಯದಲ್ಲಿ ಅಲ್ಲ. ಎಲೆಕ್ಟ್ರಾನಿನ ಬೆನ್ನೇರಿದಾಗ ಎಲೆಕ್ಟ್ರಾನ್‌ಗಳು ನಿಂತವು, ಸರಿ. ಆದರೆ ಧನ ಅಯಾನುಗಳು ಹಿಂದಕ್ಕೆ ಓಡತೊಡಗಿದವು. ಅದೂ ಕರೆಂಟೇ, ಅದರ ಕಾಂತಕ್ಷೇತ್ರವೂ ಅಲ್ಲಿದೆ. ನಿಂತ ಎಲೆಕ್ಟ್ರಾನನ್ನು ಮುಟ್ಟುವುದಿಲ್ಲ, ಅಷ್ಟೇ. ಯಾವ ವೇಗದಲ್ಲಿ ಓಡಿದರೂ ಆ ತಂತಿಯ ಕಾಂತಕ್ಷೇತ್ರವನ್ನು ಪೂರ್ತಿ ಅಳಿಸಲಾಗದು. ಇರುವುದು ಒಂದೇ ವಿದ್ಯುತ್ಕಾಂತ ಕ್ಷೇತ್ರ. ಅದರಲ್ಲಿ ವಿದ್ಯುತ್ತಿನ ಪಾಲೆಷ್ಟು, ಕಾಂತದ ಪಾಲೆಷ್ಟು ಎಂಬುದು ಮಾತ್ರ ರೈಲಿನಲ್ಲಿದ್ದವರಿಗೆ ಒಂದು, ಮದ್ದೂರಿನಲ್ಲಿ ನಿಂತವರಿಗೆ ಇನ್ನೊಂದು.