ಮಣ್ಣಾಗಲೆಂದೇ ಕೆತ್ತಿದ ದೇವರು

ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಜೂನಿ ಎಂಬ ಮೂಲನಿವಾಸಿಗಳಿದ್ದಾರೆ. ಚಳಿಗಾಲದಲ್ಲಿ ಹಗಲು ತೀರಾ ಚಿಕ್ಕದಾಗುವ ಹೊತ್ತಿಗೆ ಅವರು ಇಬ್ಬರು ಅವಳಿ ದೇವರನ್ನು ಮರದಲ್ಲಿ ಕೆತ್ತುತ್ತಾರೆ. ಅಣ್ಣನನ್ನು ಕೆತ್ತುವವರು ಜಿಂಕೆ ಕುಲದವರು, ತಮ್ಮನನ್ನು ಕರಡಿ ಕುಲದವರು. ಈ ದೇವರ ಹೆಸರು ಅಹಯೂಡ. ನೋಡಲು ಉದ್ದನೆಯ ಕೊರಡು, ಅದರಲ್ಲಿ ಕೆತ್ತಿದ ಮುಖ, ಹೊಕ್ಕುಳಿಂದ ಮುಂದಕ್ಕೆ ಚಾಚಿದ ಕಡ್ಡಿ. ಇವನ್ನು ಚಾವಣಿಯಿಲ್ಲದ ಗುಡಿಯಲ್ಲಿ ನಿಲ್ಲಿಸುತ್ತಾರೆ. ಹೊಸದು ಬಂದಾಗ ಹಳೆಯದನ್ನು ಅಲ್ಲೇ ಪಕ್ಕಕ್ಕಿಡುತ್ತಾರೆ, ಬಿಸಾಡುವುದಿಲ್ಲ. ಮಳೆ ಬಿಸಿಲಿಗೆ ಅದು ಮೆಲ್ಲಗೆ ಮಣ್ಣಾಗಬೇಕು. ಮಣ್ಣಾಗುತ್ತಲೇ ಅದು ಲೋಕವನ್ನು ಕಾಯುತ್ತದೆ ಅಂತ ಅವರ ನಂಬಿಕೆ.

ಹೊರಗಿನವರ ಕಣ್ಣಿಗೆ ಅದು ಯಾರೂ ಕೇಳದ ಹಳೇ ಮರ. ಎತ್ತಿಕೊಂಡು ಹೋದರು, ಮಾರಿದರು. ಮ್ಯೂಸಿಯಂಗಳು ತೇವ ತಾಗದ ಕೋಣೆಯಲ್ಲಿಟ್ಟು ಜೋಪಾನ ಮಾಡಿದವು. ಜೂನಿಗಳ ಲೆಕ್ಕದಲ್ಲಿ ಈ ಜೋಪಾನವೇ ತೊಂದರೆ!

ಹಾಗಂತ ಸಂಸ್ಕೃತಿ ಗೊತ್ತಿದ್ದರೆ ಸಾಕು ಅನ್ನುವಂತಿಲ್ಲ. ಅಮೆರಿಕದ ಮಾನವಶಾಸ್ತ್ರಜ್ಞ ಫ್ರಾಂಕ್ ಹ್ಯಾಮಿಲ್ಟನ್ ಕುಶಿಂಗ್ 1879ರಲ್ಲಿ ಜೂನಿಗೆ ಬಂದು ವರ್ಷಗಟ್ಟಲೆ ಅಲ್ಲೇ ಇದ್ದ. ಭಾಷೆ ಕಲಿತ, ಅವರ ಬಿಲ್ಲಿನ ಪುರೋಹಿತರ ಸಂಘಕ್ಕೂ ಸೇರಿದ. ಅಂಥವನೇ ತಾನೊಂದು ಅಹಯೂಡ ಮಾಡಿ ಇಂಗ್ಲೆಂಡಿನ ಮಾನವಶಾಸ್ತ್ರಜ್ಞ ಟೈಲರ್‌ಗೆ ಕೊಟ್ಟ. ಅದು ಆಕ್ಸ್‌ಫರ್ಡ್‌ನ ಪಿಟ್ ರಿವರ್ಸ್ ಮ್ಯೂಸಿಯಂ ಸೇರಿತು. ಅವನಿಗೆ ವಿಷಯ ಗೊತ್ತಿತ್ತು, ಹಕ್ಕು ಇತ್ತೇ ಅನ್ನುವುದು ಬೇರೆ ಮಾತು.

1978ರಲ್ಲಿ ಜೂನಿ ಮುಖಂಡರು ಡೆನ್ವರ್ ಆರ್ಟ್ ಮ್ಯೂಸಿಯಂನ ಎದುರು ನೇರವಾದ ವಾದ ಇಟ್ಟರು. ಅಹಯೂಡ ಇಡೀ ಸಮುದಾಯದ್ದು, ಒಬ್ಬರು ಮಾರುವಂತಿಲ್ಲ, ಕೊಡುವಂತಿಲ್ಲ. ಹಾಗಾಗಿ ಹೊರಗಿರುವುದೆಲ್ಲ ಕದ್ದ ಮಾಲು. ನನಗೆ ಈ ವಾದದಲ್ಲಿ ಒಂದು ಸಣ್ಣ ತೂತೂ ಕಾಣುವುದಿಲ್ಲ. 1980ರಲ್ಲಿ ಡೆನ್ವರ್ ವಾಪಸ್ ಕೊಟ್ಟಿತು, 1987ರಲ್ಲಿ ವಾಷಿಂಗ್ಟನ್‌ನ ಸ್ಮಿತ್‌ಸೋನಿಯನ್ ಮ್ಯೂಸಿಯಂ ಸಂಸ್ಥೆ. ಮೂಲನಿವಾಸಿಗಳ ಪವಿತ್ರ ವಸ್ತುಗಳನ್ನು ಹಿಂದಿರುಗಿಸುವ ಕಾನೂನು ಬಂದದ್ದು ಆಮೇಲೆ, 1990ರಲ್ಲಿ. ವಾಪಸ್ ಬಂದ ದೇವರಿಗೆ ಜೂನಿಗಳು ಕಳ್ಳರು ನುಗ್ಗದಂತೆ ಭದ್ರವಾದ ಆವರಣ ಕಟ್ಟಿದರು. ಸೂರು ಮಾತ್ರ ಹಾಕಲಿಲ್ಲ.

ಸರಿ, ಅಸಲಿ ಅವರಿಗಿರಲಿ, ನಕಲು ಮಾಡಿ ಪ್ರದರ್ಶಿಸೋಣ ಅಂತ ಅನ್ನಿಸಬಹುದು, ಅಲ್ವಾ? 1950ರ ದಶಕದಲ್ಲಿ ಕೊಲೊರಾಡೊದ ಲಾ ಹುಂಟಾ ಊರಿನ ಸ್ಕೌಟ್ ಹುಡುಗರು ಕುಣಿತಕ್ಕೆಂದು ಜೂನಿಗಳ ಪವಿತ್ರ ಚಳಿಗಾಲದ ಆಚರಣೆಯಾದ ಶಾಲಕೋದ ಮುಖವಾಡಗಳನ್ನು ಬಹಳ ಶ್ರದ್ಧೆಯಿಂದ ತಯಾರಿಸಿದ್ದರು. ಜೂನಿ ಹಿರಿಯರು ಬಂದು ನೋಡಿದರು. ಇವು ನಕಲಲ್ಲ, ನಿಜವಾದವೇ ಎಂದು ತೀರ್ಮಾನಿಸಿ ಊರಿಗೆ ಒಯ್ದರು.