ಕೆರೆಯೂ ಟ್ಯಾಂಕ್, ಯುದ್ಧಯಂತ್ರವೂ ಟ್ಯಾಂಕ್

ಮೈಸೂರು ಸಂಸ್ಥಾನದ ಕಾಲದ ಇಂಗ್ಲಿಷ್ ಗೆಜೆಟಿಯರಿನಲ್ಲಿ ಕೋಲಾರ ಜಿಲ್ಲೆಯ ಪುಟಗಳನ್ನು ತಿರುವಿದರೆ, ಕೆರೆ ಎನ್ನಬೇಕಾದಲ್ಲೆಲ್ಲ ‘ಟ್ಯಾಂಕ್’ ಎಂದೇ ಇದೆ. ತಾರಸಿಯ ಮೇಲಿನ ಕರಿಯ ಪ್ಲಾಸ್ಟಿಕ್ ಡ್ರಮ್ಮಿನ ಹೆಸರನ್ನು ಸೋಮಾಂಬುಧಿ ಅಗ್ರಹಾರದಂಥ ದೊಡ್ಡ ಕೆರೆಗೂ ಅಂಟಿಸಿದ್ದಾರಲ್ಲ ಎಂದು ಇಂದಿನ ಓದುಗರಿಗೆ ಅನ್ನಿಸಬಹುದು. ಆದರೆ ನಡೆದದ್ದು ಇದಕ್ಕೆ ತಿರುವುಮುರುವು. ಇಂಗ್ಲಿಷಿನಲ್ಲಿ ಆ ಮಾತಿಗೆ ಮೊದಲು ಇದ್ದದ್ದು ಭಾರತದ ಕೆರೆಕಟ್ಟೆಗಳ ಅರ್ಥವೇ.

ಗುಜರಾತಿ, ಮರಾಠಿಗಳಲ್ಲಿ ನೀರಿನ ತೊಟ್ಟಿಗೆ ‘ಟಾಂಕೆ’ ಎಂಬುದಕ್ಕೆ ಹತ್ತಿರದ ಮಾತುಗಳಿವೆ. ಪೋರ್ಚುಗೀಸರಲ್ಲೂ ಕೊಳಕ್ಕೆ ಅಂಥದೇ ಮಾತಿದ್ದು, ಅದು ಹರಿಯುವುದನ್ನು ತಡೆದು ನಿಲ್ಲಿಸು ಎಂಬ ಕ್ರಿಯಾಪದದಿಂದ ಬಂದದ್ದು. 17ನೆಯ ಶತಮಾನದ ಆರಂಭದಲ್ಲಿ ಇಲ್ಲಿಗೆ ಬಂದ ಇಂಗ್ಲಿಷ್ ವರ್ತಕರ ಕಿವಿಗೆ ಎರಡೂ ಬಿದ್ದಿರಬೇಕು. ಮುಂದೆ ಉಗಿಯಂತ್ರ, ಹಡಗುಗಳ ಕಾಲದಲ್ಲಿ ಇಂಗ್ಲೆಂಡಿನ ಟ್ಯಾಂಕ್ ಕಬ್ಬಿಣದ ಪೆಟ್ಟಿಗೆಯಾಗಿ ಮುಚ್ಚಿಕೊಂಡಿತು.

ಆ ಮಾತು ಎಷ್ಟು ಸಪ್ಪೆಯಾಗಿತ್ತೆಂದರೆ ಗುಟ್ಟು ಕಾಯುವುದಕ್ಕೂ ಒದಗಿ ಬಂತು. ಮೊದಲ ಮಹಾಯುದ್ಧದ ನಡುವೆ, 1915ರಲ್ಲಿ, ಇಂಗ್ಲೆಂಡಿನ ಲಿಂಕನ್ ಪಟ್ಟಣದ ಕಾರ್ಖಾನೆಯೊಂದರಲ್ಲಿ ಸರಪಳಿಯ ಮೇಲೆ ತೆವಳುವ ಉಕ್ಕಿನ ಯುದ್ಧವಾಹನ ಸಿದ್ಧವಾಗುತ್ತಿದ್ದಾಗ, ಇದು ಮೆಸೊಪೊಟೇಮಿಯಾಕ್ಕೆ ನೀರು ಸಾಗಿಸುವ ತೊಟ್ಟಿ ಎಂದು ಸುದ್ದಿ ಹಬ್ಬಿಸಲಾಯಿತು; ಡಿಸೆಂಬರಿನಲ್ಲಿ ಟ್ಯಾಂಕ್ ಎಂಬ ಹೆಸರೇ ಗಟ್ಟಿಯಾಯಿತು. 1916ರ ಸೆಪ್ಟೆಂಬರ್ 15ರಂದು ಫ್ರಾನ್ಸಿನ ಸೋಮ್ ಕದನದಲ್ಲಿ ಆ ಯಂತ್ರಗಳು ಮೊದಲ ಬಾರಿ ಕಾಣಿಸಿಕೊಂಡಾಗ ಗುಟ್ಟು ರಟ್ಟಾಯಿತು, ಹೆಸರು ಮಾತ್ರ ಉಳಿಯಿತು. ಅಮೆರಿಕದಲ್ಲಿ ಈಜುಕೊಳಕ್ಕೂ ಇದೇ ಮಾತು ಸಂದದ್ದರಿಂದ, ಅಲ್ಲಿ ತೊಡುತ್ತಿದ್ದ ಈಜುಡುಗೆಯನ್ನು ಹೋಲುವ ತೋಳಿಲ್ಲದ ಬನಿಯನ್ನು ಟ್ಯಾಂಕ್ ಟಾಪ್ ಆಯಿತು. ಆ ಕಥೆ ಇಷ್ಟೇ.

ಪೆಟ್ಟಿಗೆಯ ಅರ್ಥವೇ ಮುಂದಾದದ್ದರಿಂದ ನಷ್ಟವಾದದ್ದು ನಮ್ಮ ಕೆರೆಗೆ ಎಂದು ನನ್ನ ಎಣಿಕೆ. ಕೆರೆಯೆಂದರೆ ನಿಂತ ನೀರಷ್ಟೇ ಅಲ್ಲ: ಮಣ್ಣಿನ ಏರಿ, ಅದರೊಳಗೆ ಎರಡು ಕಲ್ಲುಕಂಬಗಳ ನಡುವೆ ಬಿರಡೆ ಎತ್ತಿ ನೀರು ಬಿಡುವ ತೂಬು, ತುಂಬಿದ ಮೇಲೆ ಹೆಚ್ಚಾದದ್ದನ್ನು ಹೊರಗೆ ಕಳಿಸುವ ಕೋಡಿ, ಕೆಳಗಿನ ಅಚ್ಚುಕಟ್ಟು, ಗದ್ದೆಗದ್ದೆಗೂ ಸರದಿಯಂತೆ ನೀರು ಹಾಯಿಸುವ ನೀರುಗಂಟಿ. ಒಂದರ ಕೋಡಿ ಇನ್ನೊಂದರ ಒಳಹರಿವು. ನದಿಯಿಲ್ಲದೆಯೂ ಕೋಲಾರದ ಸೀಮೆ ಬೆಳೆ ತೆಗೆದದ್ದು ಈ ಸಾಲುಕೆರೆಗಳಿಂದ. (ಪಾಲಾರ್ ನದಿ ಇದೆಯಲ್ಲ ಎನ್ನುವವರು ಬೇಸಿಗೆಯಲ್ಲಿ ಅದರ ಪಾತ್ರವನ್ನೊಮ್ಮೆ ನೋಡಬೇಕು.)

2018ರಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಕೆ.ಸಿ. (ಕೋರಮಂಗಲ–ಚಲ್ಲಘಟ್ಟ) ವ್ಯಾಲಿ ಯೋಜನೆಯಲ್ಲಿ ಕೋಲಾರಕ್ಕೆ ಬಂದಾಗಲೂ ಎಂಜಿನಿಯರುಗಳ ಬಾಯಲ್ಲಿದ್ದದ್ದು ‘ಟ್ಯಾಂಕ್ ಫಿಲ್ಲಿಂಗ್’. ಕೊಡ ತುಂಬಿಸಿದಂತೆ ಕೆರೆಗಳನ್ನು ಒಂದೊಂದಾಗಿ ತುಂಬಿಸುವುದೆಂದು ಆ ಮಾತು ಕೇಳಿಸುತ್ತದೆ. ಆದರೆ ಪಂಪು ನೀರನ್ನು ತಂದು ಬಿಟ್ಟದ್ದು ಲಕ್ಷ್ಮೀಸಾಗರದ ಕೆರೆಗೆ, ಅಲ್ಲಿಂದಾಚೆ ನರಸಾಪುರದ ಕಡೆಗೆ ಅದನ್ನು ಒಯ್ದದ್ದು ಹಳೆಯ ಕೋಡಿಗಳೂ ಕಾಲುವೆಗಳೂ.